ಮಾತಾಡದ ಒಕ್ಕಣ್ಣ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹಿಂದಿನ ಸಂಚಿಕೆಯಲ್ಲಿ ‘ವಾಲ್‌ಹಲ್ಲಾ ರೈಸಿಂಗ್’ ಚಿತ್ರದ ಬಗ್ಗೆ ಅರ್ಧ ಪುಟ ಬರೆದಿದ್ದೆ. 2009ರ ಚಿತ್ರ. ನಿರ್ದೇಶಕರು ಡೆನ್ಮಾರ್ಕಿನ ನಿಕೊಲಸ್ ವಿಂಡಿಂಗ್ ರೆಫ್ನ್. ಆ ಅರ್ಧ ಪುಟಕ್ಕೆ ಬಂದ ಪತ್ರಗಳನ್ನು ನೋಡಿ ಈ ಸಲ ಅಂಕಣವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಚಿತ್ರ ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ಸುಮಾರು ಕ್ರಿ.ಶ. 1000. ಉತ್ತರ ಯುರೋಪಿನ ಬೆಟ್ಟಗಾಡು. ಒಂದು ಕಣ್ಣು ಹೋದ ಸೆರೆಯಾಳೊಬ್ಬನನ್ನು ಕಂಬಕ್ಕೆ ಕಟ್ಟಿ ಬೇರೆ ಸೆರೆಯಾಳುಗಳ ಜೊತೆ ಹೊಡೆದಾಡಿಸುತ್ತಾರೆ. ಬಾಜಿ ಕಟ್ಟುತ್ತಾರೆ. ಅವನಿಗೆ ಊಟ ತಂದುಕೊಡುವುದು ಒಬ್ಬ ಹುಡುಗ. ಒಂದು ದಿನ ಒಕ್ಕಣ್ಣ ತನ್ನನ್ನು ಹಿಡಿದಿಟ್ಟವರನ್ನು ಕೊಂದು ಹೊರಡುತ್ತಾನೆ. ಹುಡುಗ ಹಿಂದೆಯೇ ಬರುತ್ತಾನೆ. ದಾರಿಯಲ್ಲಿ ಶಿಲುಬೆ ಹಿಡಿದ ಯೋಧರು ಸಿಗುತ್ತಾರೆ. ಅವರಿಗೆ ಜೆರುಸಲೇಮಿಗೆ ಹೋಗಬೇಕು. ಎಲ್ಲರೂ ದೋಣಿ ಹತ್ತುತ್ತಾರೆ, ಮಂಜಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಮಂಜು ಸರಿದಾಗ ಯಾವುದೋ ಗೊತ್ತಿಲ್ಲದ ನೆಲ. ಅಲ್ಲಿ ಒಬ್ಬೊಬ್ಬರೇ ಸಾಯುತ್ತಾರೆ.

ಮೇಡಂ, ನೀವು ಹೊಗಳಿದ್ದೀರಿ ಅಂತ ನೋಡಿದೆ. ನಾಯಕ ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಬರೀ ಮಂಜು, ಬರೀ ಬೆಟ್ಟ. ಇದರಲ್ಲಿ ನಿಮಗೆ ಏನು ಕಂಡಿತು?
— ಒಬ್ಬ ಓದುಗರು, ಮಾಲೂರು

ಅವನು ಮಾತಾಡುವುದಿಲ್ಲ, ನಿಜ. ಆದರೆ ಉಳಿದವರೆಲ್ಲ ಅವನ ಬಗ್ಗೆಯೇ ಮಾತಾಡುತ್ತಾರೆ. ಅದನ್ನು ಗಮನಿಸಿದಿರಾ? ಹಿಡಿದಿಟ್ಟವನಿಗೆ ಅವನು ದುಡ್ಡು ತರುವ ಪ್ರಾಣಿ. ಶಿಲುಬೆಯವರಿಗೆ ಮೊದಲು ಕೆಲಸಕ್ಕೆ ಬರುವ ತೋಳು, ಆಮೇಲೆ ಶಾಪ. ಅವನಿಗೆ ಹೆಸರಿಡುವುದೇ ಆ ಹುಡುಗ. ಒಂದು ಕಣ್ಣಿದೆ, ಅದಕ್ಕೆ ಒಕ್ಕಣ್ಣ. ಇವನು ಎಲ್ಲಿಯವನು ಎಂದು ಕೇಳಿದರೆ ಉತ್ತರ ಕೊಡುವವನೂ ಹುಡುಗನೇ. ನರಕದಿಂದ ಬಂದವನು, ನರಕ ಇರುವುದು ಕಡಲಿನ ಆಚೆ ಎನ್ನುತ್ತಾನೆ. ಅದು ನಿಜವೋ, ಹುಡುಗ ಹೆದರಿಕೆಗೆ ಹೇಳಿದ್ದೋ, ಚಿತ್ರ ಹೇಳುವುದಿಲ್ಲ. ಕೇಳಿದವರು ಮಾತ್ರ ನಂಬಿಬಿಡುತ್ತಾರೆ. ದೋಣಿ ಕಡಲಿನ ಆಚೆ ಮುಟ್ಟಿದಾಗ ಅವರ ತಲೆಯೊಳಗೆ ನರಕ ಮೊದಲೇ ಸಿದ್ಧವಾಗಿದೆ.

ಸುಮ್ಮನಿರುವವನ ಮೇಲೆ ಜನ ತಮ್ಮ ಭಯ, ಆಸೆ, ದೇವರು, ದೆವ್ವ ಎಲ್ಲವನ್ನೂ ಹೊರಿಸುತ್ತಾರೆ. ನನ್ನ ಮಟ್ಟಿಗೆ ಈ ಚಿತ್ರ ಇರುವುದು ಅಲ್ಲಿ. ಅವನು ನಾಲ್ಕು ಮಾತು ಆಡಿದ್ದರೆ ಅದೆಲ್ಲ ಕುಸಿದು ಬೀಳುತ್ತಿತ್ತು.

ನಾನು ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಊರಿನ ಕೆರೆ ಏರಿಯ ಕೆಳಗೆ ಒಂದು ವೀರಗಲ್ಲು ವಾಲಿಕೊಂಡು ನಿಂತಿತ್ತು. ಅಕ್ಷರ ಇಲ್ಲ. ಮುಖ ಸವೆದುಹೋಗಿದೆ. ಒಂದು ಮನೆಯವರು ಅದಕ್ಕೆ ವೀರಭದ್ರ ಎಂದು ಕುಂಕುಮ ಹಚ್ಚುತ್ತಿದ್ದರು. ಇನ್ನೊಂದು ಮನೆಯವರಿಗೆ ಅದು ತಮ್ಮ ವಂಶದ ಅಣ್ಣ ತಮ್ಮಂದಿರ ಜಗಳದಲ್ಲಿ ಸತ್ತ ಹಿರಿಯ. ಮಕ್ಕಳ ಪ್ರಕಾರ ಅಮಾವಾಸ್ಯೆ ರಾತ್ರಿ ಅದು ನಡೆದಾಡುತ್ತಿತ್ತು. ಕಲ್ಲು ಯಾರಿಗೂ ಎದುರು ಹೇಳಲಿಲ್ಲ. ಒಕ್ಕಣ್ಣನನ್ನು ನೋಡುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಕಲ್ಲು.

ಇನ್ನು ನಟನೆ. ಒಕ್ಕಣ್ಣನ ಪಾತ್ರ ಮಾಡಿದವರು ಮ್ಯಾಡ್ಸ್ ಮಿಕೆಲ್ಸನ್. ನಟರಾಗುವ ಮೊದಲು ಅವರು ಜಿಮ್ನಾಸ್ಟ್, ಆಮೇಲೆ ನರ್ತಕ. ಮಾತು ಕಿತ್ತುಕೊಂಡ ಮೇಲೂ ಅವರ ಬೆನ್ನು, ಕತ್ತು, ನಿಲ್ಲುವ ರೀತಿ ಇಷ್ಟು ಹೇಳುವುದು ಆ ಅಭ್ಯಾಸದಿಂದಲೇ ಎಂದು ನನ್ನ ನಂಬಿಕೆ. ಇನ್ನೊಮ್ಮೆ ನೋಡುವ ಮನಸ್ಸಾದರೆ ಅವನನ್ನು ಬಿಟ್ಟು ಹುಡುಗನ ಮುಖ ನೋಡಿ. ಬೇರೆಯೇ ಚಿತ್ರ ಕಾಣುತ್ತದೆ.

ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಮೊಬೈಲಿನಲ್ಲಿ ಇದನ್ನು ನೋಡುತ್ತಿದ್ದ. ನಾನು ಹಿಂದೆ ನಿಂತು ಎರಡು ನಿಮಿಷ ನೋಡಿದೆ, ಹೊಟ್ಟೆ ತೊಳಸಿತು. ಮನುಷ್ಯನ ಕರುಳು ತೆಗೆಯುವುದನ್ನು ಕಲೆ ಎನ್ನುತ್ತೀರಲ್ಲ, ನಿಮಗೆ ಹೇಗೆ ಮನಸ್ಸು ಬರುತ್ತದೆ?
— ಒಬ್ಬ ತಾಯಿ, ಗೌರಿಬಿದನೂರು

ಅಮ್ಮ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ದೃಶ್ಯ ಬಂದಾಗ ನಾನೂ ಮುಖ ತಿರುಗಿಸಿದೆ. ಹದಿನೆಂಟು ದಾಟದವರು ಇದನ್ನು ನೋಡಬಾರದು. ನಿಮ್ಮ ಮಗನಿಗೆ ನೀವು ಬೇಡ ಎಂದರೆ ನಾನು ನಿಮ್ಮ ಕಡೆ.

ಆದರೂ ಒಂದು ಮಾತು ಹೇಳಬೇಕು. ನಮ್ಮ ಮಕ್ಕಳು ದಿನಾ ನೋಡುವ ಮಾಮೂಲಿ ಹೊಡೆದಾಟದ ಚಿತ್ರಗಳನ್ನು ನೆನೆಸಿಕೊಳ್ಳಿ. ಒಬ್ಬ ನಲವತ್ತು ಜನರನ್ನು ಹೊಡೆಯುತ್ತಾನೆ. ಡ್ರಮ್ಮು ಬಾರಿಸುತ್ತದೆ, ನಾಯಕ ಕನ್ನಡಕ ಹಾಕಿಕೊಂಡು ಸಿಗರೇಟು ಹಚ್ಚುತ್ತಾನೆ, ಥಿಯೇಟರಿನಲ್ಲಿ ಶಿಳ್ಳೆ. ಬಿದ್ದವನಿಗೆ ನೋವಾಯಿತೇ, ಅವನಿಗೆ ಮನೆ ಇತ್ತೇ, ಯಾರಿಗೂ ಬೇಡ. ನನಗೆ ಹೆಚ್ಚು ಭಯ ಅದರದ್ದು. ಒಕ್ಕಣ್ಣನ ಚಿತ್ರದಲ್ಲಿ ಹೊಡೆದಾಟ ಜಾಸ್ತಿ ಹೊತ್ತು ಇರುವುದಿಲ್ಲ. ಕೆಸರು, ಉಸಿರು, ಮೂಳೆಯ ಸದ್ದು, ಮುಗಿಯಿತು. ಆಮೇಲೆ ಗಾಳಿ. ಗೆದ್ದವನ ಮುಖದಲ್ಲಿ ಗೆಲುವೂ ಇಲ್ಲ. ನಿಮಗೆ ಹೊಟ್ಟೆ ತೊಳಸಿತು ಎಂದಿರಿ. ಕೊಲೆ ನೋಡಿದರೆ ಆಗಬೇಕಾದದ್ದು ಅದೇ ಅಲ್ವಾ? ಶಿಳ್ಳೆ ಬರಬಾರದು.

ಮಗನ ಜೊತೆ ಕೂತು ಒಂದು ಸಲ ಮಾತಾಡಿ. ಆ ದೃಶ್ಯ ನೋಡಿ ನಿನಗೆ ಏನನ್ನಿಸಿತು ಎಂದು ಕೇಳಿ. ಬೈಯುವುದು ಆಮೇಲೆ ಇದ್ದೇ ಇದೆ.

ವಾಲ್‌ಹಲ್ಲಾ ಎಂದರೆ ನಮ್ಮ ವೀರಸ್ವರ್ಗವೇ ಅಂತ ನಮ್ಮ ಮೇಷ್ಟ್ರು ಹೇಳಿದರು. ಹೌದಾ ಮೇಡಂ?
— ಬಿ.ಎ. ವಿದ್ಯಾರ್ಥಿನಿ, ಮುಳಬಾಗಿಲು

ಅರ್ಧ ಹೌದು ಮಗಳೇ. ಆ ಅರ್ಧ ತುಂಬ ಚೆನ್ನಾಗಿದೆ, ಮೊದಲು ಅದನ್ನು ಹೇಳುತ್ತೇನೆ.

ನಿಮ್ಮೂರಿನಿಂದ ಆವನಿ ದೂರವಿಲ್ಲ. ಅಲ್ಲಿ ನೊಳಂಬರ ಕಾಲದ ದೇವಸ್ಥಾನಗಳಿವೆ. ಸುತ್ತಲಿನ ಹಳ್ಳಿಗಳಲ್ಲಿ ವೀರಗಲ್ಲುಗಳು ಸಿಗುತ್ತವೆ. ಮೂರು ಅಂತಸ್ತಿನ ಕಲ್ಲು ಸಿಕ್ಕರೆ ಕೆಳಗಿನಿಂದ ಮೇಲಕ್ಕೆ ಓದು. ಕೆಳಗೆ ಕಾಳಗ. ಎಷ್ಟೋ ಸಲ ಅದು ತುರುಗಾಳಗ, ಅಂದರೆ ಊರ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತದ್ದು. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಕೆಲವು ಕಲ್ಲುಗಳ ಮೇಲೆ ಒಂದು ಶ್ಲೋಕವನ್ನೂ ಕೆತ್ತಿರುತ್ತಾರೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ. ಕ್ಷಣದಲ್ಲಿ ಅಳಿಯುವ ದೇಹಕ್ಕೆ ಯುದ್ಧದ ಸಾವಿನ ಚಿಂತೆ ಯಾಕೆ ಎಂದು ಅದು ಮುಗಿಯುತ್ತದೆ.

ಈಗ ಉತ್ತರ ಯುರೋಪಿನವರ ಕಡೆ ನೋಡು. ರಣದಲ್ಲಿ ಸತ್ತವರನ್ನು ಆರಿಸಿ ಕರೆದೊಯ್ಯಲು ಅವರಲ್ಲೂ ದೇವಕನ್ಯೆಯರಿದ್ದಾರೆ. ವಾಲ್ಕಿರಿಗಳು. ಅರ್ಧ ಮಂದಿ ಫ್ರೇಯಾ ದೇವಿಯ ಬಯಲಿಗೆ, ಅರ್ಧ ಮಂದಿ ಓಡಿನ್ ದೇವರ ಮನೆಗೆ. ಆ ಮನೆಯೇ ವಾಲ್‌ಹಲ್ಲಾ. ಹಳೆಯ ಹಾಡೊಂದರಲ್ಲಿ ಅದಕ್ಕೆ 540 ಬಾಗಿಲು, ಒಂದೊಂದರಿಂದಲೂ 800 ವೀರರು ಹೊರಡುತ್ತಾರೆ ಎಂದಿದೆ. ಗುಣಿಸಿ ನೋಡು, 4,32,000. ನಮ್ಮ ಕಲಿಯುಗದ ವರ್ಷಗಳ ಲೆಕ್ಕ! ಮೊದಲ ಸಲ ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆದರೆ ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬೇಡ. ಆ ಕಾಲದಲ್ಲಿ ಅವರ ನೂರು ಎಷ್ಟೋ ಸಲ 120 ಆಗಿರುತ್ತಿತ್ತು. ಹಾಗೆ ಎಣಿಸಿದರೆ ಲೆಕ್ಕವೇ ಬದಲಾಗುತ್ತದೆ.

ಇನ್ನು ಅಲ್ಲದ ಅರ್ಧ. ನಮ್ಮ ಕಲ್ಲಿನ ವೀರ ಮೇಲೆ ಹೋದ ಮೇಲೆ ಆಯುಧ ಕೆಳಗಿಟ್ಟಿದ್ದಾನೆ. ಕೈ ಮುಗಿದು ಕೂತಿದ್ದಾನೆ. ಅವನ ಯುದ್ಧ ಮುಗಿದಿದೆ. ವಾಲ್‌ಹಲ್ಲಾದಲ್ಲಿ ಯುದ್ಧ ಮುಗಿಯುವುದೇ ಇಲ್ಲ. ಬೆಳಿಗ್ಗೆ ಎದ್ದು ಒಬ್ಬರನ್ನೊಬ್ಬರು ಕಡಿಯುತ್ತಾರೆ, ಸಂಜೆ ಮತ್ತೆ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ದಿನಾ ಬೇಯಿಸುವ ಹಂದಿ ಮಾರನೆಯ ದಿನ ಮತ್ತೆ ಇಡಿಯಾಗಿರುತ್ತದೆ. ಇದೆಲ್ಲ ಕೊನೆಯ ಮಹಾಯುದ್ಧಕ್ಕೆ ತಯಾರಿ. ಆ ಯುದ್ಧದಲ್ಲಿ ಓಡಿನ್ನನನ್ನೇ ತೋಳ ನುಂಗುತ್ತದೆ, ದೇವರುಗಳೇ ಸೋಲುತ್ತಾರೆ. ಸೋಲುತ್ತೇವೆ ಎಂದು ಗೊತ್ತಿದ್ದೂ ತಯಾರಾಗುವ ದೇವರು ಅವರದು. ಆ ತಣ್ಣನೆಯ ಧೈರ್ಯ ನಮ್ಮ ಕಲ್ಲುಗಳಲ್ಲಿ ಇಲ್ಲ. ಅವರಲ್ಲಿ ನಮ್ಮ ಶಾಂತಿ ಇಲ್ಲ.

ಚಿತ್ರದಲ್ಲಿ ವಾಲ್‌ಹಲ್ಲಾ ಎಲ್ಲೂ ಕಣ್ಣಿಗೆ ಬೀಳುವುದಿಲ್ಲ ಎನ್ನುವುದನ್ನೂ ನೆನಪಿಡು. ಹೆಸರಿನಲ್ಲಿ ಮಾತ್ರ ಇದೆ. ನೆಲ, ಕೆಸರು, ಕಲ್ಲು, ನೀರು. ಅಷ್ಟೇ.

ಒಕ್ಕಣ್ಣ ಎಂದರೆ ಓಡಿನ್ ದೇವರೇ ತಾನೆ? ನಮ್ಮ ಬೇಡರ ಕಣ್ಣಪ್ಪನ ಕಥೆಗೂ ಇದಕ್ಕೂ ಏನಾದರೂ ಸಂಬಂಧ?
— ಓದುಗರು, ಚಿಂತಾಮಣಿ

ಸಂಬಂಧವಿಲ್ಲ. ಆದರೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದ್ದಕ್ಕೆ ನಿಮಗೆ ನಮಸ್ಕಾರ.

ಓಡಿನ್ ತನ್ನ ಒಂದು ಕಣ್ಣನ್ನು ಮೀಮಿರ್‌ನ ಬಾವಿಗೆ ಒಪ್ಪಿಸಿದ. ಬದಲಿಗೆ ಜ್ಞಾನದ ನೀರು ಕುಡಿದ. ಇನ್ನೊಂದು ಕಥೆಯಲ್ಲಿ ಒಂಬತ್ತು ರಾತ್ರಿ ಮರಕ್ಕೆ ನೇತುಬಿದ್ದು, ಈಟಿಯಿಂದ ಗಾಯ ಮಾಡಿಸಿಕೊಂಡು, ತನ್ನನ್ನು ತನಗೇ ಬಲಿ ಕೊಟ್ಟುಕೊಂಡ. ಅದು ಕೊಡುಕೊಳ್ಳುವ ವ್ಯವಹಾರ. ಕಣ್ಣಪ್ಪನಿಗೆ ಏನೂ ಬೇಕಿರಲಿಲ್ಲ. ಲಿಂಗದ ಕಣ್ಣಲ್ಲಿ ರಕ್ತ ಬಂತು, ತನ್ನ ಕಣ್ಣು ಕಿತ್ತು ಇಟ್ಟ. ಎರಡನೆಯದಕ್ಕೆ ಗುರುತು ತಪ್ಪದಿರಲಿ ಎಂದು ಕಾಲು ಊರಿದ. ಎಷ್ಟು ಸಲ ಕೇಳಿದರೂ ನನಗೆ ಆ ಕಾಲು ಊರುವ ಜಾಗದಲ್ಲಿ ಗಂಟಲು ಕಟ್ಟುತ್ತದೆ.

ನಿರ್ದೇಶಕರು ಇವನೇ ಓಡಿನ್ ಎಂದು ಎಲ್ಲೂ ಹೇಳುವುದಿಲ್ಲ. ಸುಳಿವು ಮಾತ್ರ ಬಿಟ್ಟಿದ್ದಾರೆ. ಒಂದೇ ಕಣ್ಣು. ಮುಂದೆ ಆಗುವುದು ಅವನಿಗೆ ಮೊದಲೇ ಕಾಣುತ್ತದೆ. ಆರು ಅಧ್ಯಾಯಗಳಲ್ಲಿ ಕೊನೆಯದರ ಹೆಸರು ಬಲಿ. ಶಿಲುಬೆ ಬಂದಿದೆ, ಹಳೆಯ ದೇವರಿಗೆ ಇನ್ನು ಜಾಗವಿಲ್ಲ, ಅವನೇ ಕೊನೆಯ ಸಲ ನಡೆದುಹೋಗುತ್ತಿದ್ದಾನೆ ಎಂದುಕೊಂಡು ನೋಡಿದರೂ ಚಿತ್ರ ನಿಲ್ಲುತ್ತದೆ. ನನಗೆ ಅವನು ಮನುಷ್ಯನಾಗಿದ್ದರೇ ಹೆಚ್ಚು ನೋವು.

ಅವನಿಗೆ ಮುಂದಿನದು ಕಾಣುವಾಗ ಪರದೆಯೆಲ್ಲ ಕೆಂಪಾಗುತ್ತದೆ. ಅಷ್ಟೊಂದು ಕೆಂಪು ಯಾಕೆ?
— ಫೋಟೊ ಸ್ಟುಡಿಯೋ ನಡೆಸುವವರು, ತಿಪಟೂರು

ರೆಫ್ನ್ ಅವರಿಗೆ ಬಣ್ಣಗುರುಡು ಇದೆ. ನಡುವಿನ ಬಣ್ಣಗಳು ಕಾಣುವುದಿಲ್ಲ, ಅದಕ್ಕೇ ನನ್ನ ಚಿತ್ರಗಳಲ್ಲಿ ಬಣ್ಣಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ ಎಂದು ಅವರೇ ಹೇಳಿದ್ದಾರೆ. ಉಳಿದ ಚಿತ್ರವೆಲ್ಲ ಬೂದು, ಮಾಸಲು ಹಸಿರು. ಚಿತ್ರೀಕರಣ ನಡೆದದ್ದು ಸ್ಕಾಟ್ಲೆಂಡಿನಲ್ಲಿ, ಆ ಆಕಾಶವೇ ಹಾಗೆ. ಅದರ ನಡುವೆ ಕೆಂಪು ಬಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇದರಲ್ಲಿ ಚರಿತ್ರೆ ಎಷ್ಟು, ಕಟ್ಟುಕಥೆ ಎಷ್ಟು? ವೈಕಿಂಗರ ತಲೆಯ ಮೇಲೆ ಕೊಂಬೇ ಇಲ್ಲವಲ್ಲ?
— ನಿವೃತ್ತ ಗುಮಾಸ್ತರು, ಶಿರಾ

ಕೊಂಬು ಇಲ್ಲದಿರುವುದೇ ಸರಿ. ವೈಕಿಂಗರು, ಅಂದರೆ ಆ ಕಾಲದ ಉತ್ತರ ಯುರೋಪಿನ ಕಡಲಯಾನಿ ಯೋಧರು, ಕೊಂಬಿನ ಶಿರಸ್ತ್ರಾಣ ಹಾಕಿ ಯುದ್ಧ ಮಾಡಿದ್ದಕ್ಕೆ ಆಧಾರವಿಲ್ಲ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ ಸಿಕ್ಕಿದ ಕಬ್ಬಿಣದ ಶಿರಸ್ತ್ರಾಣದಲ್ಲಿ ಕಣ್ಣಿನ ಸುತ್ತ ಕನ್ನಡಕದಂಥ ಕಾಪು ಇದೆ, ಕೊಂಬಿಲ್ಲ. ಕೊಂಬು ಜನಪ್ರಿಯವಾದದ್ದು 1876ರ ಜರ್ಮನ್ ಸಂಗೀತ ನಾಟಕದ ವೇಷಭೂಷಣದಿಂದ.

ಗುಲಾಮರಿದ್ದದ್ದು ನಿಜ. ಡಬ್ಲಿನ್ ಊರು ಆಗ ಗುಲಾಮರ ದೊಡ್ಡ ಸಂತೆ. ಆದರೆ ಗುಲಾಮರನ್ನು ಕಂಬಕ್ಕೆ ಕಟ್ಟಿ ಕಾದಾಡಿಸುತ್ತಿದ್ದದ್ದು ನಿರ್ದೇಶಕರ ಕಲ್ಪನೆ ಎಂದೇ ನಾನು ತೆಗೆದುಕೊಂಡಿದ್ದೇನೆ. ಐಸ್‌ಲೆಂಡಿನ ಹಳೆಯ ಕಥೆಗಳಲ್ಲಿ ಬರುವುದು ಕುದುರೆ ಕಾಳಗ.

ಧರ್ಮದ ವಿಷಯದಲ್ಲಿ ಕಾಲ ಚೆನ್ನಾಗಿ ಹೊಂದುತ್ತದೆ. ಐಸ್‌ಲೆಂಡಿನ ಜನಸಭೆ ಕ್ರೈಸ್ತ ಧರ್ಮ ಒಪ್ಪಿದ್ದು 1000ರ ಸುಮಾರಿಗೆ. ಅದಕ್ಕೂ ಮೊದಲು ಡೆನ್ಮಾರ್ಕಿನ ಹೆರಾಲ್ಡ್ ಬ್ಲೂಟೂತ್ ರಾಜ ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆ ಎಂದು ಯೆಲ್ಲಿಂಗ್ ಎಂಬಲ್ಲಿ ಶಾಸನ ಹಾಕಿಸಿದ. ನಮ್ಮ ಫೋನಿನ ಬ್ಲೂಟೂತ್ ಅವನ ಹೆಸರೇ. ಹೊಂದದೇ ಇರುವುದು ಜೆರುಸಲೇಮ್. ಪುಣ್ಯಭೂಮಿ ಗೆಲ್ಲಲು ಕತ್ತಿ ಹಿಡಿದು ಹೊರಟ ಮೊದಲ ಧರ್ಮಯುದ್ಧಕ್ಕೆ ಕರೆ ಬಂದದ್ದು 1095ರಲ್ಲಿ, ಊರು ಕೈವಶವಾದದ್ದು 1099ರಲ್ಲಿ. ಚಿತ್ರ ಸುಮಾರು ನೂರು ವರ್ಷ ಮುಂದಕ್ಕೆ ಹಾರಿದೆ. ಚರಿತ್ರೆ ಮೇಷ್ಟ್ರಾಗಿ ಅಂಕ ಕಳೆಯುತ್ತೇನೆ. ಪ್ರೇಕ್ಷಕಳಾಗಿ ಕಳೆಯುವುದಿಲ್ಲ. ಒಂದು ಪುಣ್ಯಭೂಮಿ ಹುಡುಕಿ ಹೊರಟು ಇನ್ನೊಬ್ಬರ ನೆಲದ ಮೇಲೆ ಶಿಲುಬೆ ನೆಡುವುದು ಮುಂದೆ ಆಗಿಯೇ ಆಯಿತಲ್ಲ.

ಕೊನೆಯಲ್ಲಿ ಅವನು ಆಯುಧ ಬಿಟ್ಟು ಸುಮ್ನೆ ಹೊಡೆಸಿಕೊಂಡು ಸಾಯುವುದು ಯಾಕೆ? ಆ ಕಾಡಿನ ಜನ ಯಾರು?
— ಓದುಗರು, ಬಂಗಾರಪೇಟೆ

ಕೊನೆ ತಿಳಿಯುವುದು ಬೇಡ ಎನ್ನುವವರು ಈ ಉತ್ತರ ಬಿಟ್ಟು ಮುಂದಕ್ಕೆ ಹೋಗಿ.

ಅವನು ಸಾಯುವುದು ಹುಡುಗ ಉಳಿಯಲಿ ಎಂದು. ಹಾಗೆ ಹೇಳುವ ಮಾತು ಚಿತ್ರದಲ್ಲಿ ಇಲ್ಲ, ಹುಡುಗ ಉಳಿಯುತ್ತಾನೆ ಅಷ್ಟೇ. ಅಲ್ಲಿಯವರೆಗೆ ಅವನ ಕೈ ಕೊಲ್ಲುವುದಕ್ಕೆ ಮಾತ್ರ ಎದ್ದಿತ್ತು. ಆ ನೆಲಕ್ಕೆ ಬಂದ ಮೇಲೆ ಅವನು ಕಲ್ಲಿನ ಮೇಲೆ ಕಲ್ಲು ಪೇರಿಸುತ್ತಾನೆ. ಉಳಿದವರು ಏನನ್ನೋ ಕುಡಿದು ಹುಚ್ಚರಂತೆ ಹೊರಳಾಡುವಾಗ ಇವನು ಕಟ್ಟುತ್ತಿರುತ್ತಾನೆ. ಆ ಕೈಯೇ ಆಮೇಲೆ ಆಯುಧ ಕೆಳಗಿಡುತ್ತದೆ. ಇದು ಸೋಲು ಎಂದು ನನಗೆ ಅನ್ನಿಸಲಿಲ್ಲ.

ಎರಡನೆಯ ಪ್ರಶ್ನೆಯಲ್ಲಿ ಚಿತ್ರದ ಮೇಲೆ ನನ್ನ ದೊಡ್ಡ ತಕರಾರಿದೆ. ಆ ಜನಕ್ಕೆ ಮಾತಿಲ್ಲ, ಹೆಸರಿಲ್ಲ. ಮೈಗೆ ಬಣ್ಣ ಬಳಿದುಕೊಂಡು ಬರುತ್ತಾರೆ, ಕೊಲ್ಲುತ್ತಾರೆ, ಹೋಗುತ್ತಾರೆ. ಒಕ್ಕಣ್ಣನ ಮೌನಕ್ಕೆ ಇಡೀ ಚಿತ್ರ ಕಿವಿಗೊಡುತ್ತದೆ. ಇವರ ಮೌನಕ್ಕೆ ಯಾರೂ ಕಿವಿಗೊಡುವುದಿಲ್ಲ.

ಆ ನೆಲ ಅಮೆರಿಕ ಎಂದುಕೊಂಡು ನೋಡಬಹುದು. ನಿಜದಲ್ಲೂ ವೈಕಿಂಗರು ಅಮೆರಿಕದ ತನಕ ಹೋಗಿದ್ದರು. ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಲಾನ್ಸ್ ಓ ಮೆಡೋಸ್ ಎಂಬಲ್ಲಿ ಅವರ ಮನೆಗಳ ಪಾಯ ಸಿಕ್ಕಿದೆ. 1960ರ ದಶಕದಲ್ಲಿ ಅಗೆಸಿದವರು ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಮತ್ತು ಅವರ ಪತ್ನಿ, ಪುರಾತತ್ವಜ್ಞೆ ಆನ್ ಸ್ಟೀನ ಇಂಗ್‌ಸ್ಟಾಡ್. 2021ರಲ್ಲಿ ವಿಜ್ಞಾನಿಗಳು ಅಲ್ಲಿನ ಮರದ ತುಂಡುಗಳನ್ನು ಪರೀಕ್ಷಿಸಿದರು. 993ರಲ್ಲಿ ಆಕಾಶದಿಂದ ಬಂದ ಕಿರಣಗಳ ಹೊಡೆತಕ್ಕೆ ಆ ವರ್ಷದ ಮರದ ಉಂಗುರದಲ್ಲಿ ಇಂಗಾಲದ ಒಂದು ಗುರುತು ಉಳಿದಿತ್ತು. ಅಲ್ಲಿಂದ ತೊಗಟೆಯವರೆಗೆ ಉಂಗುರ ಎಣಿಸಿದರೆ 1021. ಆ ವರ್ಷ ಅಲ್ಲಿ ಕಬ್ಬಿಣದ ಆಯುಧದಿಂದ ಮರ ಕಡಿದಿದ್ದಾರೆ. ಅದೇ ಹೊತ್ತಿಗೆ ನಮ್ಮ ಕೋಲಾರ ರಾಜೇಂದ್ರ ಚೋಳನ ಕೈಯಲ್ಲಿತ್ತು. ಕೋಲಾರಮ್ಮನ ಗುಡಿಯಲ್ಲಿ ಅವನ ಶಾಸನಗಳಿವೆ, ಹೋದಾಗ ಗೋಡೆ ನೋಡಿ.

ಆ ದ್ವೀಪದಲ್ಲಿ ಮುಂದಿನ ಶತಮಾನಗಳಲ್ಲಿ ಬಾಳಿದವರು ಬಿಯೋತುಕ್ ಜನ. ಮೈಗೆ, ಬಟ್ಟೆಗೆ, ದೋಣಿಗೆ ಕೆಂಪು ಮಣ್ಣು ಬಳಿಯುತ್ತಿದ್ದರು. ಯುರೋಪಿನವರು ಬಂದು ಕಡಲತೀರ ಹಿಡಿದ ಮೇಲೆ ಮೀನಿಲ್ಲದೆ, ರೋಗದಿಂದ, ಗುಂಡಿನಿಂದ ಕರಗಿಹೋದರು. ಅವರಲ್ಲಿ ಕೊನೆಯವಳೆಂದು ಹೆಸರಾದ ಶಾನಾಡಿತಿತ್ 1829ರಲ್ಲಿ ಕ್ಷಯದಿಂದ ಸತ್ತಳು. ಸಾಯುವ ಮೊದಲು ತನ್ನ ಜನರ ಮನೆ, ಅವರು ಓಡಾಡಿದ ದಾರಿ, ಅವರನ್ನು ಕೊಂದ ಜಾಗ ಎಲ್ಲವನ್ನೂ ಚಿತ್ರ ಬರೆದು ತೋರಿಸಿದಳು. ಆ ಚಿತ್ರಗಳು ಉಳಿದಿವೆ. ರೆಫ್ನ್ ಅವರ ಸಿನಿಮಾದಲ್ಲಿ ಆ ಕಾಡಿನ ಜನರಲ್ಲಿ ಒಬ್ಬರ ಮುಖವನ್ನಾದರೂ ಒಂದು ನಿಮಿಷ ಕ್ಯಾಮೆರಾ ಸುಮ್ಮನೆ ನೋಡಿದ್ದರೆ ನಾನು ಇದನ್ನು ಇನ್ನೂ ಜಾಸ್ತಿ ಪ್ರೀತಿಸುತ್ತಿದ್ದೆ.

ನಮ್ಮ ಹಾಸ್ಟೆಲ್ಲಿನಲ್ಲಿ ಭಾನುವಾರ ಪ್ರೊಜೆಕ್ಟರಿನಲ್ಲಿ ಸಿನಿಮಾ ಹಾಕುತ್ತೇವೆ. ಇದನ್ನು ತೋರಿಸಬಹುದಾ? ಹುಡುಗರು ಎದ್ದುಹೋಗುತ್ತಾರೇನೋ ಅಂತ ಭಯ.
— ಎಂ.ಎ. ವಿದ್ಯಾರ್ಥಿ, ತುಮಕೂರು

ತೋರಿಸಪ್ಪ. ಕೆಲವರು ಎದ್ದುಹೋಗುತ್ತಾರೆ, ಹೋಗಲಿ. ಮೊದಲೇ ನಿಂತು ಎರಡು ಮಾತು ಹೇಳು: ರಕ್ತ ಇದೆ, ಮಾತು ಕಡಿಮೆ, ಒಂದೂವರೆ ಗಂಟೆಯ ಚಿತ್ರ. ಗೊತ್ತಿದ್ದು ಕೂತವರು ಪೂರ್ತಿ ಕೂರುತ್ತಾರೆ. ಇರುವ ಸ್ವಲ್ಪ ಮಾತು ಇಂಗ್ಲಿಷಿನಲ್ಲಿದೆ, ಸಬ್‌ಟೈಟಲ್ ಹಾಕು.

ಇಂಟರ್‌ವಲ್ ಕೊಡಬೇಡ. ದೋಣಿಯ ಭಾಗದಲ್ಲಿ ನಿಲ್ಲಿಸಿದರೆ ಮತ್ತೆ ಹಿಡಿತಕ್ಕೆ ಸಿಗುವುದಿಲ್ಲ. ಮಂಜಿನಲ್ಲಿ ಆ ಯೋಧರಿಗೆ ಆಗುವ ದಣಿವು ನೋಡುವವರಿಗೂ ಆಗಬೇಕು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡು. ಲ್ಯಾಪ್‌ಟಾಪಿನ ಸ್ಪೀಕರ್ ನಂಬಬೇಡ. ಗಾಳಿ, ನೀರು, ಒಂದೇ ಸಮನೆ ಗುಂಯ್‌ಗುಡುವ ಗಿಟಾರು, ಎಲ್ಲ ಕೇಳಬೇಕು. ಯಾರದ್ದಾದರೂ ದೊಡ್ಡ ಸ್ಪೀಕರ್ ಎರವಲು ತಂದು ಪರದೆಯ ಹತ್ತಿರ ಇಡು. ಮುಗಿದ ತಕ್ಷಣ ಲೈಟು ಹಾಕಿ ಚರ್ಚೆ ಶುರು ಮಾಡಬೇಡ. ಊಟ ಆದ ಮೇಲೆ ಕೂತು ಮಾತಾಡಿ. ಹುಡುಗರು ಏನಂದರು ಅಂತ ನನಗೆ ಬರೆ. ಬೈದವರ ಮಾತನ್ನೂ ಬರೆ.